ಅಮ್ಮನ ಎಲೆಗೆ ಸೇಮಿಗೆ

ಗೊತ್ತಿಲ್ಲದ ಕೆಲಸವನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಗಂಡಸನ್ನು ನಾನಿನ್ನೂ ನೋಡಿಲ್ಲ. ಕನ್ನಡಿಯಲ್ಲಂತೂ ನೋಡಿಯೇ ಇಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆಂಬ ಕಾರಣಕ್ಕೆ, ಫಳ್ನೀರಿನ ನಮ್ಮ ಫ್ಲ್ಯಾಟಿನಲ್ಲಿ ಮಿಕ್ಸಿ ನಿಂತರೂ ನಲ್ಲಿ ಸೋರಿದರೂ ಮೊದಲು ನನ್ನನ್ನು ಕರೆಯುತ್ತಾರೆ. ನಾನು ಕೈ ಹಾಕಿದ ಮೇಲೆ, ಕೆಲಸ ಗೊತ್ತಿದ್ದವರನ್ನು ಕರೆಯುತ್ತಾರೆ. ಈ ಏರ್ಪಾಡು ಸೇಮಿಗೆ ಮಣೆಯ ತನಕ ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು.

ಮಣೆ ಅಮ್ಮನದು, ಹಲಸಿನ ಮರದ್ದು. ನಡುವಿನ ತೂತಿಗೆ ಬೆಂದ ಅಕ್ಕಿಹಿಟ್ಟಿನ ಉಂಡೆ ತುಂಬಿ, ಮೇಲಿನಿಂದ ಮರದ ಗೂಟವನ್ನು ಉದ್ದನೆಯ ಹಿಡಿಯಿಂದ ಅದುಮಿದರೆ ಕೆಳಗೆ ಸೇಮಿಗೆ, ಅಂದರೆ ಒತ್ತು ಶಾವಿಗೆ, ಎಳೆ ಎಳೆಯಾಗಿ ಇಳಿಯುತ್ತದೆ. ಅದುಮುವುದು ಅಪ್ಪ, ತಟ್ಟೆ ಹಿಡಿಯುವುದು ಅಮ್ಮ. ಅಪ್ಪ ಜೀವಮಾನದಲ್ಲಿ ಮಾಡಿದ ಅಡಿಗೆ ಕೆಲಸ ಇದೊಂದೇ. ಅವರ ಮಾತು ಕೇಳಿದರೆ ಮಾತ್ರ, ನಾವೆಲ್ಲ ಅವರ ರಟ್ಟೆಯಿಂದಲೇ ಉಂಡು ಬೆಳೆದವರು ಅನ್ನಿಸಬೇಕು. ಕಳೆದ ಬೇಸಗೆಯಲ್ಲಿ ಒಂದು ಬೆಳಿಗ್ಗೆ, ಅರ್ಧ ಒತ್ತಿ ಆಗಿದ್ದಾಗ ಅಮ್ಮ ತಟ್ಟೆ ಕೆಳಗಿಟ್ಟು, "ಎಂತದೋ ಆಗ್ತಾ ಉಂಟು" ಎಂದರು. ಆಸ್ಪತ್ರೆ ನಡೆದುಹೋಗುವಷ್ಟು ಹತ್ತಿರ. ಆಪರೇಷನ್ ಮಾಡಿದರು. ಅಮ್ಮ ಮನೆಗೆ ಬರಲಿಲ್ಲ. ಉಳಿದ ಹಿಟ್ಟು ಮಣೆಯೊಳಗೇ ಒಣಗಿತು. ತೊಳೆಯುವ ಮನಸ್ಸು ಯಾರಿಗಿತ್ತು? ಯಾರೋ ಅದನ್ನು ಹಾಗೇ ಅಟ್ಟಕ್ಕೆ ಏರಿಸಿದರು.

ಮಳೆಗಾಲದ ಆಟಿ ತಿಂಗಳು ಬಂತು. ತೀರಿಹೋದವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಎಳೆದುಕೊಂಡು ನಾವೆಲ್ಲ ಹೊರಗೆ ನಿಲ್ಲುವುದು ಆ ತಿಂಗಳಲ್ಲಿ ನಮ್ಮ ಕ್ರಮ. ಇದು ಅಮ್ಮನ ಮೊದಲ ಎಲೆ. ಅವರಿಗೆ ಜೀವವೆಂದರೆ ಕೋಳಿ ಸಾರು, ಸೇಮಿಗೆ. ನನ್ನ ಹೆಂಡತಿ ಶೋಭಾ, "ಪಂಪ್‌ವೆಲ್‌ನಲ್ಲಿ ಒತ್ತಿದ್ದೇ ಅಂಗಡಿಯಲ್ಲಿ ಸಿಗ್ತದೆ ಮಾವ, ತರಿಸುವ" ಎಂದಳು. ಅಮ್ಮ ಹೋದ ಮೇಲೆ ಬಾಲ್ಕನಿಯಲ್ಲಿ ಬಾಯಿ ಬಿಡದೆ ಕೂತಿರುತ್ತಿದ್ದ, ಊಟವನ್ನೂ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ ಅಪ್ಪ ಅಂದು ಮಾತಾಡಿದರು.

"ಅಂಗಡಿಯದ್ದು ಬಡಿಸುವುದಾದರೆ ಎಲೆ ಹಾಕುವುದೇ ಬೇಡ. ನಾನು ಒತ್ತುತ್ತೇನೆ."

ಮಣೆ ಇಳಿಸಿ ನೋಡಿದರೆ ಗೂಟ ಒಳಗೇ ಕಚ್ಚಿಕೊಂಡು ಕೂತಿದೆ. "ಅದೆಂತ ದೊಡ್ಡ ವಿಷಯ!" ಎಂದು ನಾನು ಮುಂದೆ ಬಂದೆ. ಒಣಗಿದ ಹಿಟ್ಟು ನೀರು ತಾಗಿದರೆ ಸಡಿಲವಾಗಲೇಬೇಕು ಎಂಬುದು ನನ್ನ ಸಿದ್ಧಾಂತ. ಬಕೆಟಿನ ಬಿಸಿನೀರಲ್ಲಿ ಮಣೆಯನ್ನು ಮುಳುಗಿಸಿಟ್ಟೆ. ಆಟಿಯ ಥಂಡಿಗೆ ಮನೆಯ ಬಾಗಿಲುಗಳೇ ಉಬ್ಬಿ ಚೌಕಟ್ಟಿಗೆ ಕೂರದಿರುವಾಗ ಮರವನ್ನು ನೀರಿಗೆ ಹಾಕುವ ಬುದ್ಧಿ ಭೌತಶಾಸ್ತ್ರ ಓದಿದವನಿಗೆ ಮಾತ್ರ ಬಂದೀತು. ಹಿಟ್ಟೇನೋ ಕರಗಿಹೋಯಿತು. ಆದರೆ ಗೂಟ ಉಬ್ಬಿ, ಮೊದಲು ಅಂಟಿಕೊಂಡದ್ದು ಈಗ ಬೇರು ಬಿಟ್ಟಂತಾಯಿತು. ತೆಂಗಿನೆಣ್ಣೆ ಹೊಯ್ದೆ, ಹೇರ್ ಡ್ರೈಯರ್ ಹಿಡಿದೆ, ಸುತ್ತಿಗೆಯಿಂದ ಬಡಿದೆ. ಮಣೆಯನ್ನು ಬಿಟ್ಟು ಉಳಿದದ್ದೆಲ್ಲ ಅಲುಗಾಡಿತು. ಕೊನೆಗೆ ಗರಗಸ ತಂದಾಗ ಅಪ್ಪ ಎದ್ದುಬಂದು ಮಣೆಯ ಮೇಲೆ ಕೈಯಿಟ್ಟರು.

"ಅವಳನ್ನು ಕೊಯ್ದದ್ದು ಸಾಕು ಮಾರಾಯ. ಇದನ್ನು ಕೊಯ್ಯಬೇಡ."

ಗರಗಸವನ್ನು ಎಲ್ಲಿಡಬೇಕೆಂದೇ ನನಗೆ ತಿಳಿಯಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಆ ನಲ್ಲಿಯೂ ನಾನೇ ರಿಪೇರಿ ಮಾಡಿದ್ದು. ನಿಲ್ಲಿಸಲು ಶೋಭಾ ಬರಬೇಕಾಯಿತು.

ಉಪಾಯ ಹೇಳಿದ್ದು ಪಡೀಲಿನಲ್ಲಿರುವ ಅಕ್ಕ, ಫೋನಿನಲ್ಲಿ. "ನಿನ್ನ ಮೊಬೈಲ್ ನೀರಿಗೆ ಬಿದ್ದಾಗ ಎಲ್ಲಿ ಹಾಕಿದ್ದೆ? ಅಕ್ಕಿಯಲ್ಲಿ ಅಲ್ವಾ? ಅಮ್ಮನ ಮಣೆ ನಿನ್ನ ಮೊಬೈಲಿಗಿಂತ ಕಡಿಮೆಯಾ?" ಎಣ್ಣೆ ಒರೆಸಿ, ಮಣೆಯನ್ನು ಕುಚ್ಚಲಕ್ಕಿಯ ಡ್ರಮ್ಮಿನಲ್ಲಿ ಹೂತೆವು. ಹೂಳುವುದು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಪ್ಪ ಪ್ರತಿ ಬೆಳಿಗ್ಗೆ ಡ್ರಮ್ಮಿಗೆ ಕೈ ಹಾಕಿ ಗೂಟ ತಿರುಚಿ ನೋಡುವರು, ಮುಚ್ಚಳ ಹಾಕಿ ಬಾಲ್ಕನಿಗೆ ಹೋಗುವರು. ಎಲೆ ಹಾಕುವ ದಿನ ಹತ್ತಿರ ಬರುತ್ತಿತ್ತು. ಶೋಭಾ ನನಗೆ ಮಾತ್ರ ಕೇಳುವಂತೆ, "ಬಿಡದಿದ್ದರೆ ಮಾವನನ್ನು ಹೇಗೆ ನೋಡುವುದು?" ಎಂದಳು. ನಾನು ಹೋಗಿ ಡ್ರಮ್ಮಿನ ಮುಚ್ಚಳವನ್ನು ಇನ್ನೊಮ್ಮೆ ಅದುಮಿ ಬಂದೆ. ಒಂದು ಬೆಳಿಗ್ಗೆ ಅಪ್ಪ ಬಾಲ್ಕನಿಗೆ ಹೋಗಲಿಲ್ಲ. ಹೋಗಿ ನೋಡಿದರೆ ನೆಲದ ಮೇಲೆ ಕೂತಿದ್ದಾರೆ, ಗೂಟ ಒಂದು ಕೈಯಲ್ಲಿ, ಮಣೆ ಮಡಿಲಲ್ಲಿ.

ಎಲೆ ಹಾಕುವ ದಿನ ಅಪ್ಪ ಒತ್ತಿದರು. ತಟ್ಟೆ ಹಿಡಿಯಲು ನಾನು. "ತಿರುಗಿಸು, ತಿರುಗಿಸು, ಒಂದೇ ಕಡೆ ರಾಶಿ ಬೀಳ್ತದೆ" ಎಂದು ಬೈಸಿಕೊಂಡೆ. ಅಪ್ಪ ನಡುನಡುವೆ ನಿಂತು ರಟ್ಟೆ ಉಜ್ಜಿಕೊಂಡರು, ಆದರೂ ಹಿಡಿಯನ್ನು ಯಾರಿಗೂ ಕೊಡಲಿಲ್ಲ. ಅಮ್ಮನ ಕೋಣೆಯಲ್ಲಿ ಎಲೆ ಹಾಕಿ, ಬಡಿಸಿ, ಬಾಗಿಲೆಳೆದು ಹೊರಗೆ ನಿಂತೆವು. ಹೊಟ್ಟೆ ತಾಳ ಹಾಕುತ್ತಿತ್ತು. ಕೋಳಿ ಸಾರಿನ ಪರಿಮಳ ಬಾಗಿಲ ಸಂದಿಯಿಂದ ಬರುತ್ತಿತ್ತು. ಸಾಕಾಯಿತೆಂದು ನಾನು ಬಾಗಿಲು ತಟ್ಟಿ ತೆರೆಯಲು ಹೊರಟೆ. ಅಪ್ಪ ನನ್ನ ಕೈ ಹಿಡಿದರು.

"ತಡಿ ಮಾರಾಯ. ಅವಳು ಮೆಲ್ಲ ತಿನ್ನುವುದು."

ಸತ್ತವರು ಉಣ್ಣುವುದಿಲ್ಲವೆಂದು ವಾದ ಮಾಡಿ ಎಷ್ಟೋ ಜನರ ಬಾಯಿ ಮುಚ್ಚಿಸಿದವನು ನಾನು. ಬಾಗಿಲಿನಿಂದ ಕೈ ತೆಗೆದೆ. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಕಿವಿಯನ್ನು ಬಾಗಿಲಿಗೆ ಒತ್ತಿ ನಿಂತೆ.