ಹಾರ್ಲನ್ ಪಾಯಿಂಟಿನ ಕೆಲಸ

ಮನೋಹರನ ತೊಂದರೆಗೆಲ್ಲ ಮೂಲ ಒಂದು ಡಬ್ಬಿ ಚಟ್ನಿಪುಡಿ. ಅದನ್ನು ಪಕ್ಕದ ಊರು ಲಿವೋನಿಯಾದಲ್ಲಿರುವ, ಪರಿಚಯದ ಜಯದೇವಿಯವರಿಗೆ ಮುಟ್ಟಿಸಿ ಹೋಗಿ ಎಂದು ಹೆಂಡತಿ ಛಾಯಾ ಕೈಗಿತ್ತಾಗ ಅವನು ಬೇಡವೆನ್ನಲಿಲ್ಲ. ಇಂಟರ್‌ವ್ಯೂಗೆಂದು ಶಿಕಾಗೋ ಪಕ್ಕದ ಶಾಮ್‌ಬರ್ಗಿಗೆ ಹೋಗುವ ದಾರಿಯಲ್ಲೇ ಅವರ ಮನೆ.

ಸ್ಟರ್ಲಿಂಗ್ ಹೈಟ್ಸಿನ ಒಂದು ಕಾರು ಕಾರ್ಖಾನೆಯಲ್ಲಿ ಬ್ರೇಕ್ ಎಂಜಿನಿಯರ್ ಆಗಿದ್ದ ಮನೋಹರನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿ ವರ್ಷ ದಾಟಿತ್ತು. ೨೦೦೯ರ ಆ ಚಳಿಗಾಲದಲ್ಲಿ ಅವರ ಬಡಾವಣೆಯ ಅರ್ಧ ಗಂಡಸರು ಕೆಲಸವಿಲ್ಲದೆ ಹಾಡಹಗಲಲ್ಲೇ ಮನೆಮುಂದಿನ ಡ್ರೈವ್‌ವೇ ಗೋರುತ್ತಿದ್ದರು, ಹಿಮ ಬಿದ್ದಿರಲಿ ಬೀಳದಿರಲಿ. ಮನೆಯವರ ಆರೋಗ್ಯ ಇನ್ಶೂರೆನ್ಸ್ ಮುಗಿಯುವುದರಲ್ಲಿತ್ತು. ಕಂಡಕಂಡಲ್ಲೆಲ್ಲ ಅಪ್ಲೈ ಮಾಡಿದ ಮೇಲೆ ಒಂದೇ ಒಂದು ಕಡೆಯಿಂದ ಕರೆ ಬಂದಿತ್ತು. ಅಲಾಸ್ಕದ ಉತ್ತರ ತುದಿಯಲ್ಲಿ, ಹಾರ್ಲನ್ ಪಾಯಿಂಟ್ ಎಂಬಲ್ಲಿ, ಪುಟ್ಟ ವಿಮಾನ ನಿಲ್ದಾಣದ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಇಂಟರ್‌ವ್ಯೂ ಮಾತ್ರ ಶಾಮ್‌ಬರ್ಗಿನಲ್ಲಿ.

"ಡ್ಯಾಡ್, ಇಟ್ಸ್ ಫಾರ್ಟಿ ಬಿಲೋ ಜೀರೋ ದೇರ್," ಎಂದಿದ್ದಳು ಮಗಳು ತನಿಷಾ.

"ಹಿಮ ತಳ್ಳೋ ಟ್ರಕ್ಕಿನ ಹೈಡ್ರಾಲಿಕ್ಸ್ ನಂಗೆ ಚೆನ್ನಾಗಿ ಗೊತ್ತು. ಅವರಿಗೆ ಬೇಕಾಗಿರೋದು ಅಷ್ಟೇ," ಎಂದಿದ್ದ ಮನೋಹರ. ಅದು ನಿಜವೂ ಆಗಿತ್ತು.

ಬಾಗಿಲು ತೆರೆದ ಜಯದೇವಿ ಚಟ್ನಿಪುಡಿಗಿಂತ ಮೊದಲು ಸೂಟು ನೋಡಿದರು. "ಇಷ್ಟು ನೆಟ್ಟಗಾಗಿ ಎಲ್ಲಿಗೆ ಹೊಂಟೀರಿ?"

ಅವನು ಹೇಳಬಾರದಿತ್ತು. ಹೇಳಿದ.

"ಅಷ್ಟು ದೂರದಾಗ ಏರ್‌ಪೋರ್ಟ್ ಯಾರು ಕಟ್ಟಿದ್ರು?"

"ಮಿಲಿಟರಿಯವರಂತೆ. ಯುದ್ಧದ ಕಾಲದ್ದು."

"ಅದರ ಹಿಸ್ಟರಿ ಓದೀರೇನು?"

"ಇಲ್ಲ."

ಅಂಗಿಯಿಲ್ಲದೆ ಮದುವೆಗೆ ಹೊರಟವನನ್ನು ನೋಡುವ ಹಾಗೆ ಜಯದೇವಿ ಅವನನ್ನು ನೋಡಿದರು. "ನಮ್ಮ ತಮ್ಮ ಪ್ರಕಾಶ ಶಾಮ್‌ಬರ್ಗದಾಗ ಇರ್ತಾನ. ಕಂಪನಿ ಹಿಸ್ಟರಿ ಹೇಳೇ ಅವಂಗ ನೌಕರಿ ಸಿಕ್ಕದ. ನಾ ಫೋನ್ ಮಾಡ್ತೀನಿ, ನೀವು ಸೀದಾ ಅವನ ಮನಿಗೆ ಹೋಗ್ರಿ."

ಶಿಕಾಗೋ ಕಡೆ ಗಡಿಯಾರ ಒಂದು ಗಂಟೆ ಹಿಂದೆ. ಆ ಮಿಕ್ಕ ಗಂಟೆ ಕಾರಿನಲ್ಲೇ ಕಣ್ಣು ಮುಚ್ಚಿ ಕೂರಬೇಕೆಂದು ಮನೋಹರ ಅಂದುಕೊಂಡಿದ್ದ. ಆದರೆ ಹೆದ್ದಾರಿಯುದ್ದಕ್ಕೂ ಪ್ರಕಾಶನ ಫೋನ್ ಬರುತ್ತಲೇ ಇತ್ತು. ಯಾವ ಎಕ್ಸಿಟ್, ಯಾವ ಸಿಗ್ನಲ್, ಯಾವ ಬಿಲ್ಡಿಂಗ್ ಎಂದು ಹೇಳಿ ಹೇಳಿ ಕೊನೆಗೆ ಅವನೇ ತನ್ನ ಮನೆಯ ಪಾರ್ಕಿಂಗ್ ಲಾಟಿಗೆ ಬಂದು ನಿಂತಿದ್ದ.

"ಹೈಡ್ರಾಲಿಕ್ಸ್ ಎಲ್ಲಾರೂ ಹೇಳ್ತಾರ್ರೀ," ಎಂದು ಅವನು ಮನೆಯೊಳಗೆ ಕೂರಿಸಿ, ಹಾರ್ಲನ್ ಪಾಯಿಂಟಿನ ಬಗ್ಗೆ ಪ್ರಿಂಟ್ ಮಾಡಿಟ್ಟಿದ್ದ ಹಾಳೆಗಳನ್ನು ಮನೋಹರನ ಮಡಿಲಿಗೆ ಸುರಿದ. "ನೀವು ಮಷೀನ್ ಸುದ್ದಿನೇ ತೆಗೀಬ್ಯಾಡ್ರಿ. ಹಿಸ್ಟರಿ ಹೇಳ್ರಿ. ಅಮೆರಿಕನ್ಸ್ ಕರಗಿ ಹೋಗ್ತಾರ." ಆ ಉತ್ಸಾಹದಲ್ಲಿ ಅವನ ಕೈ ಕಾಫಿ ಲೋಟಕ್ಕೆ ತಾಗಿ, ಕಾಫಿಯೆಲ್ಲ ಮನೋಹರನ ಬಿಳಿ ಅಂಗಿಯ ಮೇಲಾಯಿತು. ಪ್ರಕಾಶ ತನ್ನದೊಂದು ಅಂಗಿ ಕೊಟ್ಟ. ಕತ್ತಿನ ಗುಂಡಿ ಹಾಕಿದಾಗ ಮನೋಹರನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

ಉಸಿರು ಬಿಗಿಹಿಡಿದೇ ಅವನು ಓದಿದ. ಓದುತ್ತ ಓದುತ್ತ ಪ್ರಕಾಶನ ಮಾತು ಕಿವಿಗೆ ಬೀಳದಾಯಿತು.

ಇಂಟರ್‌ವ್ಯೂ ಮಾಡಿದವರು ಹಾಲ್ವರ್ಸನ್ ಎಂಬ ಮುದುಕರು. ಮುಖವೆಲ್ಲ ಗಾಳಿ ಕೆತ್ತಿದ ಗೆರೆಗಳು. ಆಫೀಸಿನ ಕುರ್ಚಿಯಲ್ಲಿ ಯಾರದೋ ಮನೆಗೆ ಬಂದವರಂತೆ ಕೂತಿದ್ದರು. ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿಗೆ ಯಾಕೆ ಹೋಗಬೇಕು ಅಂತೀರಿ?"

ಮನೋಹರ ಬಾಯಿಪಾಠ ಒಪ್ಪಿಸತೊಡಗಿದ. ಸೈನಿಕರು ಬಂದಿಳಿದದ್ದು, ಹೆಪ್ಪುಗಟ್ಟಿದ ಜಲ್ಲಿಯ ಮೇಲೆ ಕಬ್ಬಿಣದ ಹಲಗೆ ಹಾಸಿ ರನ್‌ವೇ ಮಾಡಿದ್ದು, ಬೇಸಿಗೆಯಲ್ಲಿ ನೆಲ ಕರಗಿ ಆ ಹಲಗೆಗಳು ಹಪ್ಪಳದಂತೆ ಸುರುಟಿಕೊಂಡದ್ದು, ಮತ್ತೆ ಹಾಸಿದ್ದು. ಮಂಜಿನಲ್ಲಿ ದಾರಿ ತಪ್ಪಿದ ವಿಮಾನಕ್ಕೆ ನೆಲ ಕಾಣಲೆಂದು ಎಣ್ಣೆಯ ಪೀಪಾಯಿಗಳಿಗೆ ಬೆಂಕಿ ಹಚ್ಚಿ ಒಬ್ಬೊಬ್ಬ ಸೈನಿಕ ಒಂದೊಂದರ ಪಕ್ಕ ನಿಂತದ್ದು.

ಅಲ್ಲಿಗೆ ಬಾಯಿಪಾಠ ಮರೆತುಹೋಯಿತು. ಅವನು ಕತ್ತಿನ ಗುಂಡಿ ಬಿಚ್ಚಿ ಉಸಿರೆಳೆದುಕೊಂಡ.

"ಯುದ್ಧ ಮುಗೀತು. ಶತ್ರು ವಿಮಾನ ಕಾಯೋ ರೇಡಾರಿನವರು ಬಂದರು, ಅವರೂ ಹೋದರು. ನಮ್ಮ ಪ್ಲಾಂಟ್ ಮುಚ್ಚಿದಾಗ ಮಷೀನುಗಳನ್ನ ಬಿಚ್ಚಿ ಮಾರಿಬಿಟ್ಟರು, ನಾನು ನೋಡ್ತಾ ನಿಂತಿದ್ದೆ. ಹಾರ್ಲನ್ ಪಾಯಿಂಟಿನಲ್ಲಿ ಹಾಗಾಗಲಿಲ್ಲ. ಹೆರಿಗೆಗೆ ಕಷ್ಟಪಡ್ತಿದ್ದ ಒಬ್ಬಾಕೆಗೆ ವಿಮಾನ ಬರಲಿ ಅಂತ ಹಳ್ಳಿಯವರೇ ಸಲಿಕೆ ಹಿಡಿದು ಹಿಮ ತೆಗೆದರು. ಆಮೇಲೆ ಯಾರೋ ಒಬ್ಬರು ಅಲ್ಲೇ ಉಳಕೊಂಡರು, ರನ್‌ವೇ ದೀಪ ಹಚ್ಚೋಕೆ. ಯುದ್ಧಕ್ಕೆ ಕಟ್ಟಿದ್ದು ಬದುಕಿಸೋದಕ್ಕೆ ಬಂತು. ಅಲ್ಲಿ ಇರೋ ಮನುಷ್ಯ ಬೇಡ ಅಂತ ಯಾರೂ ಹೇಳೋಕಾಗಲ್ಲ. ನಂಗೆ ಅಂಥ ಕಡೆ ಇರಬೇಕು ಅನ್ನಿಸಿದೆ, ಅಷ್ಟೇ."

ಇದನ್ನೆಲ್ಲ ಅವನು ಇಂಗ್ಲಿಷಿನಲ್ಲೇ ಹೇಳಿದ್ದು. ಅಷ್ಟು ಮಾತು ವರ್ಷದಿಂದ ಯಾರೊಂದಿಗೂ ಆಡಿರಲಿಲ್ಲ.

ಹಾಲ್ವರ್ಸನ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಎದ್ದು ಬಂದು ಮನೋಹರನ ಎರಡೂ ಕೈ ಹಿಡಿದುಕೊಂಡರು. ಕೆಲಸ ಸಿಕ್ಕಿತೆಂದೇ ಮನೋಹರ ತಿಳಿದ. ಛಾಯಾಳ ಮುಖ ಕಣ್ಣ ಮುಂದೆ ಬಂತು.

"ಈಗ ದೀಪ ಹಚ್ಚುತ್ತಿರುವವನು ನಾನೇ," ಎಂದರು ಮುದುಕರು. "ಮಂಡಿ ನೋವು. ಮಗಳು ಶಿಕಾಗೋದಲ್ಲೇ ಇದ್ದುಬಿಡು ಅಂತಾಳೆ. ಸಾಕು, ಯಾರನ್ನಾದರೂ ಆರಿಸಿ ನಿವೃತ್ತನಾಗೋಣ ಅಂತ ಬಂದೆ. ನಾನು ಮಾಡ್ತಿರೋದು ಇಂಥ ಕೆಲಸ ಅಂತ ಇಷ್ಟು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ." ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ನಿಮ್ಮಿಂದ ಬಹಳ ಉಪಕಾರವಾಯಿತು. ನಾನು ನಾಳೆಯೇ ವಾಪಸ್ ಹೋಗ್ತೀನಿ."

ಮನೋಹರ ಹೈಡ್ರಾಲಿಕ್ಸ್ ಬಗ್ಗೆ ಏನೋ ಹೇಳಲು ಬಾಯಿ ತೆರೆದ. ಮುದುಕರ ಮುಖದಲ್ಲಿದ್ದ ಬೆಳಕು ನೋಡಿ ಕುರ್ಚಿಯಿಂದ ಎದ್ದ. ಅವರು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಕಾರಿಗೆ ಬರುವಷ್ಟರಲ್ಲಿ ಛಾಯಾಳ ಫೋನ್ ಬಂತು.

"ಏನಾಯ್ತ್ರೀ? ಚೆನ್ನಾಗಿ ಮಾತಾಡಿದ್ರಾ?"

"ತುಂಬ ಚೆನ್ನಾಗಿ ಮಾತಾಡಿದೆ."

"ಮತ್ತೆ ಕೆಲಸ?"

ಮನೋಹರ ಕಾರಿನ ಬಾಗಿಲು ತೆರೆದ. "ಅದು," ಎಂದ, "ಇದ್ದವನಿಗೇ ಸಿಕ್ತು."