ಚಿತ್ರದೊಳಗಿನ ಸೊಟ್ಟ ಮೂಗು

ಅಳಿಯನ ಮಾನ ಹೋದದ್ದು ಒಂದು ಮೂಗಿನಿಂದ.

ಅವನು ಊರಿನ ಚಿತ್ರಶಾಲೆಯ ಕಾವಲುಗಾರ. ಅವನ ಕುರ್ಚಿಯ ಎದುರಿಗೇ ನೂರೈವತ್ತು ವರ್ಷ ಹಳೆಯದೊಂದು ದೊಡ್ಡ ಚಿತ್ರ: ಇದೇ ಊರಿನ ಪೇಟೆ ಬೀದಿ. ಮೇಲೆ ಬಳಿದ ವಾರ್ನಿಶ್ ಕಂದುಗಟ್ಟಿ, ಬೀದಿಯೆಲ್ಲ ಕಷಾಯದಲ್ಲಿ ಅದ್ದಿ ತೆಗೆದಂತಿತ್ತು. ಸರಿಯಾಗಿ ಕಾಣುತ್ತಿದ್ದದ್ದು ಒಂದು ಕುದುರೆಯ ಹಿಂಭಾಗ, ಪಕ್ಕದಲ್ಲಿ ಒಂದು ಮುಖ, ಆ ಮುಖದಲ್ಲಿ ಥೇಟ್ ಅವನದೇ ಸೊಟ್ಟ ಮೂಗು.

ಊಟಕ್ಕೆ ಕೂತಾಗಲೆಲ್ಲ ಮಾವ, "ನಾವು ಏಳು ತಲೆಮಾರಿನಿಂದ ಈ ಊರಿನವರು. ನಿಮ್ಮವರು ಯಾವ ಕಡೆಯಿಂದ ಬಂದರೋ!" ಎನ್ನುತ್ತಿದ್ದರು. ಒಂದು ದಿನ ತಡೆಯಲಾರದೆ ಅಳಿಯ ಅಂದುಬಿಟ್ಟ: "ಚಿತ್ರದಲ್ಲಿ ಕುದುರೆ ಇಳಿದು ನಿಂತಿದ್ದಾರಲ್ಲ, ಅವರು ನಮ್ಮ ಮುತ್ತಜ್ಜ. ಬೇಕಾದರೆ ಮೂಗು ನೋಡಿ."

ಮರುದಿನವೇ ಮಾವ ನೋಡಲು ಬಂದರು. ಮಗಳು, ಪಕ್ಕದ ಮನೆಯಾಕೆ, ಎಲ್ಲರನ್ನೂ ಕಟ್ಟಿಕೊಂಡು. ಅವತ್ತೇ ಚಿತ್ರ ಶುಚಿಮಾಡುವಾಕೆಯೂ ಹತ್ತಿಯುಂಡೆ ಹಿಡಿದು ಏಣಿ ಹತ್ತಿದ್ದಳು.

"ಅಕ್ಕಾ, ಆ ಮೂಲೆ ನಾಳೆ ಮಾಡಿ," ಎಂದು ಅಳಿಯ ಗೋಗರೆದ.

"ಯಾಕಪ್ಪಾ? ಪಾಪ, ಎಷ್ಟು ವರ್ಷದಿಂದ ಮುಖ ತೊಳೆದಿಲ್ಲವೋ," ಎಂದು ಅವಳು ಒರೆಸಿಯೇಬಿಟ್ಟಳು.

ಮೊದಲು ಮೂಗು ಹೊಳೆಯಿತು. "ಹೌದು ಕಣೇ, ಇವರದೇ!" ಎಂದಳು ಪಕ್ಕದ ಮನೆಯಾಕೆ. ಅಳಿಯ ಎದೆಯುಬ್ಬಿಸಿದ. ಆಮೇಲೆ ಕೈ ಕಂಡಿತು. ಕೈಯಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಲದ್ದಿ. ಇನ್ನೊಂದು ಕೈ ಬಾಲದ ಕೆಳಗೆ, ಬೀಳಲಿರುವುದಕ್ಕೆ ಕಾಯುತ್ತಿತ್ತು.

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ನೆಲ ಬಾಯಿಬಿಟ್ಟಿದ್ದರೆ ಅಳಿಯ ಕುರ್ಚಿಸಮೇತ ಇಳಿದುಹೋಗುತ್ತಿದ್ದ.

"ತಪ್ಪಾಯ್ತು ಮಾವಾ," ಎಂದ, ತಲೆ ಎತ್ತದೆ. "ನಾನು ಹೇಳಿದ್ದು ಸುಳ್ಳು. ಅವನು ಯಾರೋ ಏನೋ, ನಮ್ಮವನಲ್ಲ."

"ಸುಳ್ಳಾ? ಇಷ್ಟು ಜನರನ್ನ ಕರಕೊಂಡು ಬಂದಿದೀನಲ್ಲೋ!" ಮಾವ ಬಾಗಿಲ ಕಡೆ ತಿರುಗಿದರು.

ಅಷ್ಟರಲ್ಲಿ ಹತ್ತಿಯುಂಡೆ ಮೇಲಕ್ಕೆ ಹೋಗಿತ್ತು. ಕಂದು ಮಬ್ಬಿನೊಳಗಿಂದ, ಕುದುರೆಯ ಮೇಲೆ, ಸವಾರನೊಬ್ಬ ಹೊರಬಂದ. ರೇಷ್ಮೆ ಕೋಟು, ಗತ್ತಿನ ಮೀಸೆ, ಮೊರದಗಲದ ಎರಡು ಕಿವಿ. ಎಲ್ಲರೂ ಮಾವನ ಕಿವಿ ನೋಡಿದರು. ಮಾವ ತಾವೂ ಒಮ್ಮೆ ಮುಟ್ಟಿ ನೋಡಿಕೊಂಡರು.

"ಆಣೆ ಮಾಡ್ತೀನಿ ಮಾವಾ, ಎಲ್ಲಾ ಸುಳ್ಳು..."

"ಸುಳ್ಳೆಲ್ಲಿ ಬಂತು ಅಳಿಯಂದಿರೇ? ಮೂಗೇ ಹೇಳುತ್ತೆ!" ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಮಾವ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು. "ನಾನೇ ದಡ್ಡ, ಹೊರಗಿನವರು ಅಂದುಕೊಂಡಿದ್ದೆ. ನಮಗೂ ನಿಮಗೂ ಎಷ್ಟು ಹಳೇ ಸಂಬಂಧ!"