ಭಾವನ ಕ್ಯಾಮೆರಾ ವಿಮಾನ ಹತ್ತಿದ್ದು

ನಮ್ಮ ಭಾವ ಹುಚ್ಚರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇನ್ನು ನಾಲ್ಕು ಸಾಲು ಓದುವಷ್ಟರಲ್ಲಿ ನಿಮಗೇ ಆ ಅನುಮಾನ ಬರುತ್ತದೆ, ಆಮೇಲೆ ನಾನು ಎಷ್ಟು ಬಾಯಿ ಬಡಿದುಕೊಂಡರೂ ನೀವು ನಂಬುವುದಿಲ್ಲ. ಅಕ್ಕನ ಗಂಡ ಎಂಬ ಅಭಿಮಾನಕ್ಕೆ ಹೇಳುತ್ತಿಲ್ಲ. ತರಕಾರಿ ಆರಿಸುವುದರಲ್ಲಿ, ಬೀದಿ ಜಗಳ ಬಿಡಿಸುವುದರಲ್ಲಿ, ನೆಂಟರಿಗೆ ಬುದ್ಧಿ ಹೇಳುವುದರಲ್ಲಿ ಅವರ ತಲೆ ನಮ್ಮೆಲ್ಲರ ತಲೆಗಿಂತ ನೆಟ್ಟಗಿದೆ. ಆದರೆ ಅವರ ಕ್ಯಾಮೆರಾ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗಬೇಕು ಅನ್ನಿ, ಮುಗಿಯಿತು!

ಲಕ್ಷ್ಮೀಪುರಂನಲ್ಲಿ ಮೂವತ್ತೈದು ವರ್ಷ ಸ್ಟುಡಿಯೋ ನಡೆಸಿ, ಅರ್ಧ ಮೈಸೂರಿನ ಮದುವೆಗಳನ್ನು ಆಲ್ಬಮ್ಮಿಗೆ ಇಳಿಸಿ, ಈಗ ಅಂಗಡಿ ಮುಚ್ಚಿ ಒಂಟಿಕೊಪ್ಪಲಿನ ಮನೆಯಲ್ಲಿ ಆರಾಮಾಗಿದ್ದಾರೆ. ಅವರ ಪ್ರಕಾರ ಈ ಲೋಕದಲ್ಲಿ ಎರಡೇ ಬಗೆಯ ವಸ್ತುಗಳು: ಬಿದ್ದಿರುವಂಥವು, ಇನ್ನೇನು ಬೀಳಲಿರುವಂಥವು. ನಡುಮನೆಯಿಂದ ವರಾಂಡಕ್ಕೆ ಕ್ಯಾಮೆರಾ ತರಬೇಕಾದರೂ ಅಕ್ಕ ಮುಂದೆ ಹೋಗಿ ಹಾದಿಯಲ್ಲಿರುವ ಕಾಲೊರಸನ್ನು ಎತ್ತಬೇಕು, ಅಡುಗೆಮನೆಯಲ್ಲಿ ಕುಕ್ಕರ್ ಇದ್ದರೆ ಒಲೆ ಆರಿಸಬೇಕು.

"ಕುಕ್ಕರ್‌ಗೂ ಕ್ಯಾಮೆರಾಗೂ ಏನ್ರೀ ಸಂಬಂಧ?" ಎಂದು ಅಕ್ಕ ಒಮ್ಮೆ ಕೇಳಿದಳು.

"ಸೀಟಿ ಹೊಡುದ್ರೆ ನಾನು ಬೆಚ್ಚಿ ಬೀಳ್ತೀನಿ ಕಣೇ. ನಾನು ಬಿದ್ರೆ ಪರ್ವಾಗಿಲ್ಲ!"

ಆ ಕ್ಯಾಮೆರಾವನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಇದು ಮನೆಯ ಕಾನೂನು. ಅಕ್ಕನಿಗೂ ಅದೇ, ಒಬ್ಬಳೇ ನಾದಿನಿಯಾದ ನನಗೂ ಅದೇ. ಈ ಕಾನೂನಿನ ದೆಸೆಯಿಂದ ಆಗಿರುವ ಒಂದು ವಿಚಿತ್ರ ಕೇಳಿ. ಊರಿನವರ ಫೋಟೋ ತೆಗೆದು ತೆಗೆದು ಸವೆದ ಈ ಮನುಷ್ಯ ತನ್ನ ಹೆಂಡತಿಯ ಜೊತೆ ನಿಂತಿರುವ ಫೋಟೋ ಒಂದೇ ಒಂದೂ ಇಲ್ಲ! ಮನೆಯ ಯಾವ ಗ್ರೂಪ್ ಫೋಟೋದಲ್ಲೂ ಭಾವ ಇಲ್ಲ. ಯಾವಾಗಲೂ ಅವರು ಕ್ಯಾಮೆರಾದ ಹಿಂದೆ. ಮೊಬೈಲಿನಲ್ಲಿ ತೆಗೆದುಕೊಳ್ಳಬಾರದೇ ಎಂದು ನೀವು ಕೇಳಬಹುದು. ಭಾವನ ಎದುರಿಗೆ ಕೇಳಿ ನೋಡಿ, ಕಾಫಿ ಕೂಡ ಕೊಡದೆ ಕಳಿಸುತ್ತಾರೆ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಗುಂಡಿ ಒತ್ತಿ ಓಡಿಬಂದು ಅಕ್ಕನ ಪಕ್ಕ ನಿಂತರಾಯಿತಲ್ಲ ಎಂದರೆ, "ಒಳ್ಳೆ ಬೆಳಕು ಬರ್ಲಿ ತಡಿ" ಎನ್ನುತ್ತಿದ್ದರು. ಒಳ್ಳೆಯ ಬೆಳಕಿಗಾಗಿ ನಲವತ್ತು ವರ್ಷ ಕಾದ ದಂಪತಿಗಳನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಹಾಗಾದರೆ ಮದುವೆಯ ಫೋಟೋ? ಅದೇ ಈ ಕಥೆಯ ನೋವಿನ ಭಾಗ. ಮದುವೆಯ ದಿನ ಸ್ನೇಹಿತರೊಬ್ಬರ ಕೈಗೆ ಭಾವ ತಮ್ಮ ಕ್ಯಾಮೆರಾ ಕೊಟ್ಟಿದ್ದರು. ಬಾಸಿಂಗ ಕಟ್ಟಿಸಿಕೊಂಡ ತಲೆಯಲ್ಲೇ ಫಿಲ್ಮು ಹಾಕಿದವರು ಮಾತ್ರ ಅವರೇ. ಮೂವತ್ತಾರು ಕಪ್ಪು ಬಿಳುಪು ಚಿತ್ರ. ಕೈಯಾರೆ ತೊಳೆಯಬೇಕೆಂಬ ಆಸೆ. ಮೂರು ದಿನ ಬಿಟ್ಟು ಸ್ಟುಡಿಯೋದ ಕತ್ತಲೆಕೋಣೆಯಿಂದ ಬರಿಗೈಯಲ್ಲಿ ಮನೆಗೆ ಬಂದು, "ಫಿಲ್ಮು ಕ್ಯಾಮೆರಾ ಒಳಗಿನ ಚಕ್ರಕ್ಕೆ ಕಚ್ಕೊಂಡೇ ಇರ್ಲಿಲ್ಲ, ಮುಂದಕ್ಕೇ ಸರ್ದಿಲ್ಲ. ಒಂದೂ ಬಿದ್ದಿಲ್ಲ. ಹಾಕಿದ್ದು ನಾನೇ, ತಪ್ಪು ನನ್ದೇ" ಎಂದರು. ಅಕ್ಕ ಒಂದು ವಾರ ಅತ್ತಳು. ಅವತ್ತಿನಿಂದಲೇ ಭಾವನಿಗೆ ಈ ಜಾಗ್ರತೆಯ ಕಾಯಿಲೆ ಹಿಡಿದದ್ದು ಎಂದು ಮನೆಯವರೆಲ್ಲ ನಂಬಿದ್ದಾರೆ.

ಈಗ ನಾನೊಂದು ಗುಟ್ಟು ಹೇಳಬೇಕು. ಆಗ ನನಗೆ ಹನ್ನೆರಡು ವರ್ಷ. ತಾಳಿ ಕಟ್ಟಿದ್ದಾಗಿ ಎಲ್ಲರೂ ಊಟಕ್ಕೆ ಹೋಗಿದ್ದರು. ಛತ್ರದ ಕೋಣೆಯಲ್ಲಿ ಕ್ಯಾಮೆರಾ ಒಂಟಿಯಾಗಿ ಕೂತಿತ್ತು. ಇಷ್ಟು ಹೊತ್ತು ತೆಗೆದ ಫೋಟೋಗಳೆಲ್ಲ ಒಳಗೆ ಹೇಗೆ ಕಾಣುತ್ತವೆ ಎಂದು ನೋಡುವ ಆಸೆಯಾಯಿತು. ಕ್ಯಾಮೆರಾದ ಚಿಲಕ ಎಳೆದೆ, ಅದರ ಬೆನ್ನಿನ ಬಾಗಿಲು ತೆರೆದುಕೊಂಡಿತು. ಫಿಲ್ಮು ಚಕ್ರಕ್ಕೆ ಚೆನ್ನಾಗಿಯೇ ಸುತ್ತಿಕೊಂಡಿತ್ತು! ಫೋಟೋ ಕಾಣಲಿಲ್ಲವೆಂದು ಕಿಟಕಿಯ ಬಿಸಿಲಿಗೆ ಹಿಡಿದು ಎಳೆದೆಳೆದು ನೋಡಿದೆ. ಯಾರೋ ಬಂದ ಸದ್ದಾಯಿತು, ಮುಚ್ಚಿಟ್ಟು ಓಡಿದೆ. ಫಿಲ್ಮಿಗೆ ಬೆಳಕು ಬಿದ್ದರೆ ಚಿತ್ರವೆಲ್ಲ ಹಾಳು ಎಂಬುದು ಅವತ್ತೇ ಸಂಜೆ, ದೊಡ್ಡವರ ಮಾತಿನಿಂದ ತಿಳಿಯಿತು. ಹೇಳಲು ಧೈರ್ಯವಾಗಲಿಲ್ಲ. ಆಮೇಲೆ ಭಾವನೇ ತಪ್ಪು ತಮ್ಮದು ಎಂದುಬಿಟ್ಟಾಗ, ಪಾಪ, ನಿಜವಾಗಿಯೂ ಹಾಗೇ ತಿಳಿದಿದ್ದಾರೆ ಅಂದುಕೊಂಡು ಬಾಯಿ ಹೊಲಿದುಕೊಂಡೆ. ಹೊಲಿಗೆ ಬಿಚ್ಚಲು ಆಮೇಲೆ ಒಂದು ದಿನವೂ ಸರಿಹೋಗಲಿಲ್ಲ.

ಈ ವರ್ಷ ಅಕ್ಕ ಪಟ್ಟು ಹಿಡಿದಳು. "ನಲವತ್ತು ವರ್ಷ ತುಂಬ್ತದೆ. ನಂಗೆ ಸೀರೆ ಬೇಡ, ಬಳೆ ಬೇಡ. ಹಿಮದ ಬೆಟ್ಟ ನೋಡ್ಬೇಕು. ಅದರ ಮುಂದೆ ಇಬ್ರೂ ನಿಂತಿರೋ ಒಂದು ಫೋಟೋ ಬೇಕು. ನಿಮ್ಮ ಒಳ್ಳೆ ಬೆಳಕು ಬರೋ ಹೊತ್ಗೆ ನನ್ನ ಹಲ್ಲೇ ಇರಲ್ಲ ಕಣ್ರೀ!" ಭಾವ ಒಪ್ಪಿದರು. ಡಾರ್ಜಿಲಿಂಗಿಗೆ ಟಿಕೆಟ್ಟಾಯಿತು. ಸಾಮಾನು ಹೊರಲು ಒಬ್ಬರು ಬೇಕಲ್ಲ, ನನಗೂ ಒಂದು ಟಿಕೆಟ್ಟು. ನಾನು ತಕ್ಷಣ ಹೊರಟೆ. ಯಾಕೆಂದು ನಿಮಗೆ ಈಗ ಗೊತ್ತು.

ವಿಮಾನದೊಳಕ್ಕೆ ಒಯ್ಯುವ ಚೀಲ ಏಳು ಕೆ.ಜಿ. ಮೀರಬಾರದು ಎಂದು ತಿಳಿದ ದಿನ ಭಾವ ಊಟ ಬಿಟ್ಟರು. ಕ್ಯಾಮೆರಾ, ಲೆನ್ಸುಗಳು, ಬ್ಯಾಟರಿ, ಎಲ್ಲ ಸೇರಿ ಹನ್ನೊಂದು ಕೆ.ಜಿ. ಹಾಗೆಂದು ದೊಡ್ಡ ಸೂಟ್‌ಕೇಸಿನಲ್ಲಿಟ್ಟು ವಿಮಾನದ ಹೊಟ್ಟೆಗೆ ಹಾಕುವುದೇ? "ಅಲ್ಲಿ ಎತ್ತಿ ಎತ್ತಿ ಬಿಸಾಕ್ತಾರೆ ಕಣಮ್ಮ, ಗೊಬ್ರದ ಮೂಟೆ ಎಸುದಂಗೆ!" ಕೊನೆಗೆ ಕುಂಬಾರಕೊಪ್ಪಲಿನ ದರ್ಜಿಯ ಹತ್ತಿರ ಹದಿನಾಲ್ಕು ಜೇಬಿನ ಕೋಟೊಂದು ಹೊಲಿಸಿದರು. ಜೇಬಿಗೊಂದು ಲೆನ್ಸು, ಜೇಬಿಗೊಂದು ಬ್ಯಾಟರಿ. ಬ್ಯಾಟರಿಗಳ ಮೂತಿಗೆಲ್ಲ ಟೇಪು. ಮೈಮೇಲಿರುವುದನ್ನು ಯಾರೂ ತೂಗುವುದಿಲ್ಲವಲ್ಲ! ಅದನ್ನು ತೊಟ್ಟು ನಿಂತರೆ ಬಸುರಿಯೊಬ್ಬಳು ಎಲ್ಲ ಕಡೆಯಿಂದಲೂ ಬಸುರಾದಂತೆ ಕಾಣುತ್ತಿದ್ದರು. ಬಾಗಿ ಚಪ್ಪಲಿ ಹಾಕಿಕೊಳ್ಳಲು ಅವರಿಗೆ ಆಗದೆ, ನಾನೇ ಹಾಕಿದೆ.

ಮಿಕ್ಕಿದ್ದನ್ನು ಕಟ್ಟುವ ಹೊಣೆ ಅಕ್ಕನದಾಯಿತು. ಮೈಸೂರಿನ ಹೆಂಗಸರಿಗೆ ಈ ಕೆಲಸ ಯಾರೂ ಹೇಳಿಕೊಡಬೇಕಾಗಿಲ್ಲ. ದಸರೆ ಮುಗಿದ ಮೇಲೆ ಅಷ್ಟೂ ಗೊಂಬೆಗಳನ್ನು ಹಳೆಯ ಮಲ್ಲು ಪಂಚೆಯಲ್ಲಿ ಸುತ್ತಿ, ಮೇಲೊಂದು ವಾಯಿಲ್ ಸೀರೆಯ ತುಂಡು ಬಿಗಿದು, ಟ್ರಂಕಿನಲ್ಲಿ ಮಲಗಿಸಿ ಮುಂದಿನ ವರ್ಷ ಎಬ್ಬಿಸುವವರು ಅವರು. "ನಮ್ಮತ್ತೆ ಕಾಲದ ಗೊಂಬೆಗಳು. ಇವತ್ತಿನವರ್ಗೂ ಒಂದು ಕಿರುಬೆರಳು ಮುರಿದಿಲ್ಲ" ಎಂದು ಅಕ್ಕ ಗೊಂಬೆಯ ಟ್ರಂಕನ್ನೇ ತೆಗೆದು, ಅದರ ಬಟ್ಟೆಗಳಲ್ಲೇ ಲೆನ್ಸುಗಳನ್ನು ಸುತ್ತತೊಡಗಿದಳು.

ಭಾವ ಪರೀಕ್ಷೆ ಮಾಡದೆ ಬಿಡುವವರೇ? ಮೊದಲು ಲೆನ್ಸಿನ ಬದಲು ಹಪ್ಪಳ ಕಟ್ಟಿಸಿದರು. ಹಪ್ಪಳದ ಚೀಲವನ್ನು ಮಹಡಿಯ ಮೆಟ್ಟಿಲ ಮೇಲಿಂದ ಉರುಳಿಸಿದರು. ಬಿಚ್ಚಿ ನೋಡಿದರೆ ಪುಡಿ! ಇನ್ನೊಂದು ಸುತ್ತು ಬಟ್ಟೆ, ಇನ್ನೊಂದು ಉರುಳು, ಮತ್ತೆ ಪುಡಿ. ಐದನೆಯ ಸಲಕ್ಕೆ ಹಪ್ಪಳ ಇಡಿಯಾಗಿ ಹೊರಬಂತು. ಭಾವ ಅದನ್ನು ಕಣ್ಣಿಗೊತ್ತಿಕೊಂಡರು. ಆ ವಾರವಿಡೀ ಆ ಮನೆಯಲ್ಲಿ ಹಪ್ಪಳದ ಪುಡಿಯ ಪಲ್ಯ, ಹಪ್ಪಳದ ಪುಡಿಯ ಗೊಜ್ಜು, ಹಪ್ಪಳದ ಪುಡಿ ಉದುರಿಸಿದ ಅವಲಕ್ಕಿ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮೊದಲ ಪೆಟ್ಟು ಬಿತ್ತು. ಕ್ಯಾಮೆರಾದ ಸ್ಟ್ಯಾಂಡನ್ನು ಒಳಗೆ ಒಯ್ಯುವಂತಿಲ್ಲ, ಉದ್ದವಾಯಿತು ಎಂದರು. ಭಾವ ಉದಾರವಾಗಿ, "ಓಗ್ಲಿ ಬುಡಿ, ಅದು ಕಬ್ಬಿಣ. ಬಿದ್ರೆ ನೆಲಕ್ಕೇ ಪೆಟ್ಟು" ಎಂದು ಅದನ್ನು ವಿಮಾನದ ಹೊಟ್ಟೆಗೆ ಕಳಿಸಿದರು. ಎರಡನೆಯ ಪೆಟ್ಟು ತಪಾಸಣೆಯ ಹತ್ತಿರ. ಅಲ್ಲಿದ್ದ ಅಧಿಕಾರಿ ಹಿಂದಿಯವರು. ಕೋಟು ಬಿಚ್ಚಿ ಎಂದರು. ಹದಿನಾಲ್ಕು ಜೇಬಿನ ಕೋಟು ತಟ್ಟೆಯಲ್ಲಿ ಕೂತು ಯಂತ್ರದೊಳಕ್ಕೆ ಹೊರಟಾಗ ಭಾವನೂ ಅದರ ಹಿಂದೆಯೇ ಪಟ್ಟಿಯ ಮೇಲೆ ಹತ್ತಲು ಹೋದರು. ನಾನು ಸೊಂಟ ಹಿಡಿದು ಎಳೆದೆ.

ಚೀಲ ಹೊರಬಂತು. ಇದರಲ್ಲೇನು ಗಂಟುಗಳು, ಬಿಚ್ಚಿ ಎಂದರು ಅಧಿಕಾರಿ. "ಧೀರೇ ಧೀರೇ! ಮೇರಾ ಪ್ರಾಣ್ ಹೈ!" ಎಂದು ಭಾವ ತಮ್ಮ ಹರಕು ಹಿಂದಿಯಲ್ಲಿ, ಮೆಲ್ಲಗೆ ಬಿಚ್ಚಿಸಿ ಎಂದು ಕೈಮುಗಿದರು. ಅಕ್ಕ ಒಂದೊಂದೇ ಸುತ್ತು ಬಿಚ್ಚಿದಳು. ಪಂಚೆ ಬಂತು, ಸೀರೆ ಬಂತು, ನುಸಿಗುಳಿಗೆ ಉರುಳಿತು. ಹಿಂದಿನ ಸಾಲಿನವರೆಲ್ಲ ಕತ್ತು ಚಾಚಿದರು. ಕೊನೆಯ ಸುತ್ತಿನಿಂದ ಹೊರಬಂದದ್ದು ಯಾರು ಗೊತ್ತೇ? ಡೊಳ್ಳುಹೊಟ್ಟೆ ಬಿಟ್ಟುಕೊಂಡು ಕೂತಿರುವ ನಮ್ಮ ದಸರೆಯ ಶೆಟ್ಟಿ ಗೊಂಬೆ!

ಅಧಿಕಾರಿ ಶೆಟ್ಟಿಯನ್ನು ನೋಡಿದರು, ಭಾವನನ್ನು ನೋಡಿದರು, ಪ್ರಾಣ ಇದೇ ಇರಬೇಕೆಂದು ತಿಳಿದು ಮರ್ಯಾದೆಯಿಂದ ಹಿಂತಿರುಗಿಸಿದರು. ಭಾವ ಬೆಪ್ಪಾಗಿ ನಿಂತಿದ್ದರು. ದೂರದ ಬೆಟ್ಟ ಹತ್ತಿರ ಕಾಣಿಸುವ ದೊಡ್ಡ ಲೆನ್ಸು ಆ ಗಂಟಿನಲ್ಲಿರಬೇಕಿತ್ತು!

"ತೂಕ ಸರಿಯಾಗೇ ಇತ್ತಲ್ಲೇ! ನಾನೇ ತೂಗಿದ್ದೆ!"

"ಶೆಟ್ಟೀನೂ ಅಷ್ಟೇ ತೂಕ ಇರ್ಬೇಕು ಬಿಡಿ" ಎಂದಳು ಅಕ್ಕ. "ನಿಮ್ಮ ಲೆನ್ಸು ಟ್ರಂಕಲ್ಲಿ ರಾಜ ರಾಣಿ ಮಧ್ಯ ಮಲಗಿದೆ. ಅದಕ್ಕಿಂತ ಭದ್ರವಾದ ಜಾಗ ಈ ಪ್ರಪಂಚದಲ್ಲಿ ಯಾವ್ದಿದೆ, ಹೇಳಿ?" ಭಾವ ಯೋಚಿಸಿದರು. ಜಾಗ್ರತೆಯ ದೃಷ್ಟಿಯಿಂದ ಆ ಮಾತನ್ನು ಒಪ್ಪಿ, ಶೆಟ್ಟಿಯನ್ನು ಮತ್ತೆ ಅಷ್ಟೇ ಬಿಗಿಯಾಗಿ ಪಂಚೆಯಲ್ಲಿ ಸುತ್ತಿದರು.

ವಿಮಾನದಲ್ಲಿ ಚೀಲವನ್ನು ತಲೆಯ ಮೇಲಿನ ಗೂಡಿಗೆ ಹಾಕಲು ಒಪ್ಪದೆ, ಮುಂದಿನ ಸೀಟಿನ ಕೆಳಗೆ ತಳ್ಳಿ, ಎರಡೂ ಕಾಲುಗಳಿಂದ ಅಪ್ಪಿಕೊಂಡು ಕೂತರು. ವಿಮಾನ ಒಮ್ಮೆ ಕುಲುಕಿತು. ನಾನೂ ಅಕ್ಕನೂ ದೇವರ ಹೆಸರು ಹೇಳಿದೆವು. ಭಾವ ಬಾಗಿ ಚೀಲಕ್ಕೆ, "ಏನಿಲ್ಲ, ಏನಿಲ್ಲ" ಎಂದು ಸಮಾಧಾನ ಹೇಳಿದರು.

ಕ್ಯಾಮೆರಾ ಕೂದಲೂ ಕೊಂಕದೆ ಇಳಿಯಿತು. ಉಳಿದ ಲೆನ್ಸುಗಳೂ ಇಳಿದವು. ಶೆಟ್ಟಿಯೂ ಇಳಿದ. ಇಳಿಯದೆ ಹೋದದ್ದು ಒಂದೇ, ಕಬ್ಬಿಣದ ಸ್ಟ್ಯಾಂಡು. ಸಾಮಾನಿನ ಪಟ್ಟಿ ಸುತ್ತಿ ಸುತ್ತಿ ನಿಂತೇ ಹೋಯಿತು. ವಿಚಾರಿಸಿದರೆ, ಅದು ಇನ್ಯಾವುದೋ ಊರಿಗೆ ಹೋಗಿದೆ, ಮೂರು ದಿನದಲ್ಲಿ ತರಿಸಿಕೊಡುತ್ತೇವೆ ಎಂದರು. ನಾವು ಇರುವುದೇ ಎರಡು ದಿನ! ಭಾವ ಚೀಲವನ್ನು ಎದೆಗೆ ಅಪ್ಪಿಕೊಂಡು ಡಾರ್ಜಿಲಿಂಗಿನ ಕಾರು ಹತ್ತಿದರು. ಅಕ್ಕ ಕಿಟಕಿಯ ಕಡೆ ತಿರುಗಿಕೊಂಡಿದ್ದಳು. ಸ್ಟ್ಯಾಂಡಿಲ್ಲ ಅಂದರೆ ಇಬ್ಬರೂ ನಿಂತಿರುವ ಫೋಟೋ ಇಲ್ಲ ಎಂಬುದು ಅವಳಿಗೂ ಗೊತ್ತು.

ಮಾರನೆಯ ಬೆಳಗಾಗುವ ಹೊತ್ತಿಗೆ ಬೆಟ್ಟದ ನೆತ್ತಿಯಲ್ಲಿದ್ದೆವು. ಜನ, ಗಾಳಿ, ಚಳಿ. ಹಿಮದ ಬೆಟ್ಟ ಹತ್ತು ನಿಮಿಷ ಹೊಂಬಣ್ಣಕ್ಕೆ ತಿರುಗಿ ನಿಂತಿತು, ಅಕ್ಕ ಕೈಮುಗಿದಳು. ಭಾವ ಕ್ಯಾಮೆರಾ ಇಡಲು ಜಾಗ ಹುಡುಕುತ್ತಾ ಅತ್ತಿತ್ತ ಅಲೆದರು. ಅಲ್ಲಿದ್ದ ಗೋಡೆ ಇಳಿಜಾರು, ಬೆಂಚು ಅಲ್ಲಾಡುವಂಥದ್ದು. ಅಷ್ಟರಲ್ಲಿ ಮೋಡ ಮೇಲೇರತೊಡಗಿತು.

"ಹೋಗ್ಲಿ ಬಿಡ್ರೀ, ಕಣ್ತುಂಬ ನೋಡಿದ್ನಲ್ಲ" ಎಂದು ಅಕ್ಕ ಶಾಲು ಸರಿಮಾಡಿಕೊಂಡು ಕಟಕಟೆಯ ಹತ್ತಿರ ಹೋದಳು.

ಭಾವ ನನ್ನ ಹತ್ತಿರ ಬಂದರು. ಕುತ್ತಿಗೆಯಿಂದ ಕ್ಯಾಮೆರಾದ ಪಟ್ಟಿ ತೆಗೆದು ನನ್ನ ಕುತ್ತಿಗೆಗೆ ಹಾಕಿದರು.

"ಬೇಡ ಭಾವ. ನನ್ನ ಕೈಗೆ ಕೊಡ್ಬೇಡಿ. ನಿಮ್ಗೆ ಗೊತ್ತಿಲ್ಲ..." ಎಂದೆ. ಪಟ್ಟಿಯನ್ನು ಕುತ್ತಿಗೆಯಿಂದ ತೆಗೆಯಹೋದೆ.

"ಗೊತ್ತು ಕಣಮ್ಮ" ಎಂದರು ಭಾವ, ಅಕ್ಕನಿಗೆ ಕೇಳಿಸದಷ್ಟು ಮೆಲ್ಲಗೆ. "ಕಚ್ಕೊಳ್ದೆ ಇರೋ ಫಿಲ್ಮು ತೊಳುದ್ರೆ ಗಾಜಿನಂಗೆ ಖಾಲಿ ಇರ್ತದೆ. ಅವತ್ತು ನಾನು ತೊಳುದಿದ್ದು ಇದ್ಲಿನಂಗೆ ಕಪ್ಪಗಿತ್ತು, ಬಿಸ್ಲು ಬಿದ್ದು. ಮದುವೆ ಮನೇಲಿ ಊಟ ಮಾಡ್ದೆ, ಮೂಲೇಲಿ ಕೂತು ನನ್ನ ಕಂಡ್ರೆ ಕಣ್ಣು ತಪ್ಪಿಸ್ತಿದ್ದೋಳು ನೀನೊಬ್ಳೇ. ಹನ್ನೆರಡು ವರ್ಷದ ಮಗು. ಅಕ್ಕನ ಮದುವೆ ಕೆಡಿಸ್ಬುಟ್ಟೆ ಅಂತ ಜನ್ಮವೆಲ್ಲ ಅನ್ನಿಸ್ಕೊಂಡು ಬದುಕ್ಬೇಕಾಗಿತ್ತಾ ನೀನು? ಈಗ ಅಳ್ಬೇಡ, ತೆಗಿ. ಬೆಳಕು ಚೆನ್ನಾಗೈತೆ."

ಹೋಗಿ ಅಕ್ಕನ ಪಕ್ಕ ನಿಂತರು. ಅಕ್ಕ ಗಂಡನನ್ನು, ನನ್ನ ಕುತ್ತಿಗೆಯಲ್ಲಿದ್ದ ಕ್ಯಾಮೆರಾವನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ನನಗೆ ಏನೂ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಬಿಕ್ಕುತ್ತಲೇ ಗುಂಡಿ ಒತ್ತಿದೆ.

ಅಕ್ಕನಿಗೆ ಈ ಗುಟ್ಟು ಇನ್ನೂ ತಿಳಿದಿಲ್ಲ. ಇದನ್ನು ಓದಿ ತಿಳಿದುಕೊಳ್ಳುತ್ತಾಳೆ, ಬೈದರೆ ಬೈಯಲಿ. ಫೋಟೋ ಈಗ ಅವರ ನಡುಮನೆಯಲ್ಲಿ ಕಟ್ಟು ಹಾಕಿಸಿಕೊಂಡು ಕೂತಿದೆ. ಬೆಟ್ಟ ಮೋಡದಲ್ಲಿ ಮುಚ್ಚಿಹೋಗಿದೆ, ಚಿತ್ರ ಚೆನ್ನಾಗಿಯೇ ಅಲುಗಿದೆ. ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಏನು ಸ್ವಾಮಿ, ನಿಮ್ಮಂಥವರ ಮನೇಲಿ ಈ ಫೋಟೋ ಅಲುಗಿದೆಯಲ್ಲ?"

ಭಾವ ಕನ್ನಡಕ ಒರೆಸಿಕೊಳ್ಳುತ್ತಾ ಹೇಳುತ್ತಾರೆ: "ನಮ್ಮ ನಾದಿನಿ ಎಷ್ಟು ಚೆನ್ನಾಗಿ ತೆಗುದ್ಲು ಕಣ್ರೀ. ಉಸ್ರು ಬಿಗಿ ಹಿಡ್ಕೊಂಡು ನಿಂತಿದ್ಲು. ಅಲುಗಿದ್ದು ನಾನೇ."